ಲಿಂಗಾರ್ಚನೆಯೂ ಮನೆಯ ಹೂದೋಂಟವೂ

ಶಿವಭಕ್ತರ ಮನೆಗಳಲ್ಲಿ ಹೊತ್ತು ಮೂಡುವುದಕ್ಕೆ ಮೊದಲು ತೆರೆಯುತ್ತಿದ್ದುದು ಹಿತ್ತಿಲ ಬಾಗಿಲು. ಮನೆಯ ಹಿರಿಯನಾಗಲಿ ಗೃಹಿಣಿಯಾಗಲಿ ಸ್ನಾನವನ್ನು ತೀರಿಸಿ, ವಿಭೂತಿಯನ್ನು ಧರಿಸಿ, ಬಿದಿರಿನ ಬುಟ್ಟಿಯನ್ನು ಕೈಯಲ್ಲಿ ಹಿಡಿದು, ಮಬ್ಬುಗತ್ತಲೆಯಲ್ಲಿಯೇ ಗಿಡಗಳ ನಡುವೆ ಕಾಲಿಡುವರು. ರಾತ್ರಿ ಅರಳಿದ ಮಲ್ಲಿಗೆಯ ವಾಸನೆಯಿಂದಲೇ ಬಳ್ಳಿ ಇರುವ ಸ್ಥಳವು ತಿಳಿಯುವುದು. ಬಾಯಲ್ಲಿ ಪಂಚಾಕ್ಷರಿ, ಕೈಯಲ್ಲಿ ಪತ್ರೆ, ಅಂಗಾಲಿಗೆ ಇಬ್ಬನಿಯ ತಣ್ಪು. ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತಿದ್ದ ಈ ಕೆಲಸವನ್ನು ಯಾರೂ ಬರೆದಿಡಲಿಲ್ಲ. ಮಠಗಳಿಗೆ ಸಂದ ಗ್ರಾಮಗಳ ಲೆಕ್ಕವು ಶಾಸನಗಳಲ್ಲಿ ಉಂಟು, ಗುರುಪರಂಪರೆಯ ಹೆಸರುಗಳು ಗ್ರಂಥಗಳಲ್ಲಿ ಉಂಟು. ಆದರೆ ಭಕ್ತರ ಹಿತ್ತಿಲಿನ ಚರಿತ್ರೆಯು ಅಲ್ಲಲ್ಲಿ ಚದುರಿಹೋಗಿದೆ. ಅದನ್ನು ಸಾಧ್ಯವಾದಷ್ಟು ಒಂದೆಡೆಗೆ ತರುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಕನ್ನಡನಾಡಿನಲ್ಲಿ ದೇವರಿಗಾಗಿ ಹೂವನ್ನು ಬೆಳೆಯುವ ಪದ್ಧತಿಯು ಬಹು ಪ್ರಾಚೀನವಾದುದು. ರೈಸ್ ಮಹಾಶಯರು 1886ರಿಂದ ಮೊದಲುಮಾಡಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತಿರುವಿ ನೋಡಿದವರಿಗೆ ದೇವಾಲಯಗಳಿಗೆ ಬಿಟ್ಟ ದತ್ತಿಗಳ ಪಟ್ಟಿಯಲ್ಲಿ ಗದ್ದೆ, ಬೆದ್ದಲೆ, ಗಾಣಗಳೊಡನೆ ಹೂದೋಂಟವೆಂಬ ಮಾತು ಪುನಃ ಪುನಃ ಕಣ್ಣಿಗೆ ಬೀಳುವುದು. ಹಳೆಯ ಶಾಸನಗಳಲ್ಲಿ ಇದು ‘ಪೂದೋಂಟ’ವಾಗಿದ್ದು, ಪಕಾರವು ಹಕಾರವಾದ ಕಾಲದಲ್ಲಿ ‘ಹೂದೋಂಟ’ವಾಯಿತು. ಮತ್ತರು, ಕಮ್ಮಗಳೆಂಬ ಅಳತೆಯಿಂದ ಅದರ ವಿಸ್ತಾರವನ್ನು ಹೇಳಿ, ಎಲ್ಲೆಗಳನ್ನು ಗೊತ್ತುಪಡಿಸಿ, ಧಾರಾಪೂರ್ವಕವಾಗಿ ಕೊಡುತ್ತಿದ್ದರು. ಹೂವನ್ನು ಬೆಳೆಯುವುದು ಮಾಲೆಗಾರನ ಕೆಲಸ. ಅವನು ಕಟ್ಟಿ ತಂದುದನ್ನು ಗರ್ಭಗುಡಿಯ ಬಾಗಿಲಲ್ಲಿ ಅರ್ಚಕನು ಕೈನೀಡಿ ತೆಗೆದುಕೊಳ್ಳುವನು. ದತ್ತಿಯನ್ನು ಕೊಟ್ಟ ಅರಸನಿಗೆ ಪುಣ್ಯವು ಸಲ್ಲುವುದು. ಭಕ್ತನು ದೂರದಲ್ಲಿ ನಿಂತು ಕೈಮುಗಿಯುವನು. ಒಂದು ಹೂವು ಮಣ್ಣಿನಿಂದ ದೇವರ ಮುಡಿಯನ್ನು ಸೇರುವಷ್ಟರಲ್ಲಿ ಅದನ್ನು ಮುಟ್ಟುತ್ತಿದ್ದ ಕೈಗಳು ಬೇರೆ ಬೇರೆ, ಆ ಕೈಗಳ ಅಂತಸ್ತುಗಳೂ ಬೇರೆ ಬೇರೆ ಆಗಿದ್ದುವೆಂಬುದನ್ನು ಇಲ್ಲಿ ಮುಖ್ಯವಾಗಿ ಲಕ್ಷಿಸತಕ್ಕದ್ದು.

ತೋಟಗಾರಿಕೆಯ ಶಾಸ್ತ್ರವೂ ಈ ನಾಡಿನಲ್ಲಿ ಕೊರತೆಯಾಗಿರಲಿಲ್ಲ. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಕ್ರಿ. ಶ. 1025ರ ಸುಮಾರಿನಲ್ಲಿ ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ನೆಲದೊಳಗಿನ ನೀರನ್ನು ಕಂಡುಹಿಡಿಯುವ ಉದಕಾರ್ಗಳವೂ, ಗಿಡಮರಗಳನ್ನು ಬೆಳೆಸಿ ಕಾಪಾಡುವ ವೃಕ್ಷಾಯುರ್ವೇದವೂ ಸೇರಿವೆ. ಮನುಷ್ಯರ ದೇಹಕ್ಕೆ ಹೇಗೋ ಹಾಗೆಯೇ ವೃಕ್ಷಕ್ಕೂ ವಾತ ಪಿತ್ತ ಶ್ಲೇಷ್ಮಗಳ ವಿಕಾರಗಳುಂಟೆಂದೂ, ಅವುಗಳಿಗೆ ತಕ್ಕ ಚಿಕಿತ್ಸೆಯನ್ನು ಮಾಡಬೇಕೆಂದೂ ವೃಕ್ಷಾಯುರ್ವೇದವು ಬೋಧಿಸುವುದು. ಕಲ್ಯಾಣದ ಭೂಲೋಕಮಲ್ಲ ಸೋಮೇಶ್ವರನ ‘ಮಾನಸೋಲ್ಲಾಸ’ವು ಕ್ರಿ. ಶ. 1129ರದು; ಅದರಲ್ಲಿ ಉದ್ಯಾನದ ವಿಷಯವು ಅರಸನ ವಿನೋದಗಳ ಸಾಲಿನಲ್ಲಿ ಬಂದಿದೆ. ಸ್ಥಾನವು ಯೋಗ್ಯವೇ ಸರಿ, ಅರಸನಿಗೆ ತೋಟವು ವಿನೋದವೇ ಆಗಿತ್ತು. ಅದನ್ನು ಅಗೆದವರ ಬೆನ್ನಿಗೆ ಅದು ಏನಾಗಿತ್ತೆಂಬುದನ್ನು ಆ ಗ್ರಂಥದಲ್ಲಿ ಹುಡುಕುವುದು ವ್ಯರ್ಥ.

ಅದೇ ಕಲ್ಯಾಣದಲ್ಲಿ, ಮಾನಸೋಲ್ಲಾಸವು ಹುಟ್ಟಿ ಅರ್ಧ ಶತಮಾನವು ತುಂಬುವುದಕ್ಕೆ ಮುಂಚೆಯೇ, ಬಸವಾದಿ ಶರಣರು ಪೂಜೆಯ ಸ್ಥಾನವನ್ನೇ ಪಲ್ಲಟಗೊಳಿಸಿದರು. ಸ್ಥಾವರವಾಗಿ ಗರ್ಭಗುಡಿಯಲ್ಲಿ ನಿಂತಿದ್ದ ದೇವನು ಇಷ್ಟಲಿಂಗವಾಗಿ ಭಕ್ತನ ಕರಸ್ಥಲಕ್ಕೆ ಬಂದನು. ಈ ಪಲ್ಲಟದ ತಾತ್ತ್ವಿಕವಾದ ಮಹತ್ತ್ವವನ್ನು ಪಂಡಿತರು ಬೇಕಾದಷ್ಟು ವಿವರಿಸಿರುವರು. ಆದರೆ ಅದರಿಂದ ಹೂವಿನ ದಾರಿಯೂ ಬದಲಾಯಿತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಜಲ, ಗಂಧ, ಅಕ್ಷತೆ, ಪುಷ್ಪ, ಧೂಪ, ದೀಪ, ನೈವೇದ್ಯ, ತಾಂಬೂಲಗಳೆಂಬ ಅಷ್ಟವಿಧಾರ್ಚನೆಯನ್ನು ಪ್ರತಿಯೊಬ್ಬ ಭಕ್ತನೂ ತನ್ನ ಲಿಂಗಕ್ಕೆ ತಾನೇ ಸಲ್ಲಿಸಬೇಕು. ಮತ್ತೊಬ್ಬನ ಕೈಯಿಂದ ಮಾಡಿಸುವಂತಿಲ್ಲ. ಮನೆಯಲ್ಲಿ ಐದು ಜನ ಲಿಂಗಧಾರಿಗಳಿದ್ದರೆ ಐದು ಪೂಜೆ. ಊರಿಗೊಂದು ದೇವಾಲಯ, ದೇವಾಲಯಕ್ಕೊಂದು ಹೂದೋಂಟ ಎಂಬ ಏರ್ಪಾಟು ಇಲ್ಲಿ ಸಾಲದಾಯಿತು. ಹೂದೋಂಟವು ಮನೆಯ ಹಿಂಬದಿಗೆ ಬಂದಿತು. ಬಿತ್ತಿದ ಕೈ, ನೀರೆರೆದ ಕೈ, ಕೊಯ್ದ ಕೈ, ಲಿಂಗಕ್ಕೆ ಏರಿಸಿದ ಕೈ ಎಲ್ಲವೂ ಒಂದೇ ಆಯಿತು.

ಇದರೊಡನೆ ಕಾಯಕತತ್ತ್ವವೂ ಸೇರಿತು. ಕಲ್ಯಾಣದ ಶರಣರ ಗಡಣದಲ್ಲಿ ಹೂಗಾರ ಮಾದಯ್ಯನೆಂಬ ಹೆಸರನ್ನು ಪರಂಪರೆಯು ಉಳಿಸಿಕೊಂಡು ಬಂದಿದೆ. ಹೂವಿನ ಕಾಯಕವೇ ಅವನ ಹೆಸರಾಯಿತು. ಮಾಲೆಗಾರನು ಗರ್ಭಗುಡಿಯ ಹೊರಗೆ ನಿಲ್ಲುವವನಾಗಿದ್ದ ಕಾಲವು ಹೋಗಿ, ಅವನೂ ಅನುಭಾವಿಗಳ ನಡುವೆ ಕುಳಿತನು. ಇನ್ನೊಂದು ಸಂಗತಿಯುಂಟು. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ರಜಸ್ಸೂತಕದ ದಿನಗಳಲ್ಲಿ ಸ್ತ್ರೀಯು ಹೂವಿನ ಗಿಡವನ್ನು ಮುಟ್ಟಬಾರದು, ಮುಟ್ಟಿದರೆ ಗಿಡವು ಬಾಡುವುದು ಎಂಬ ನಂಬಿಕೆಯು ಈ ದೇಶದಲ್ಲಿ ಎಷ್ಟು ಬೇರೂರಿದ್ದಿತೆಂಬುದನ್ನು ಹೇಳಬೇಕಾದುದಿಲ್ಲ. ಲಿಂಗಾಂಗಿಯಾದ ಹೆಣ್ಣಿಗೆ ಆ ಕಟ್ಟಳೆಯಿಲ್ಲವೆಂದಮೇಲೆ ತಿಂಗಳ ಮೂವತ್ತು ದಿನವೂ ಹಿತ್ತಿಲು ಅವಳದಾಯಿತು, ಪೂಜೆಯೂ ಅವಳದಾಯಿತು. ಮುಂದಿನ ಶತಮಾನಗಳಲ್ಲಿ ಎಷ್ಟೋ ಭಕ್ತರ ಮನೆಗಳಲ್ಲಿ ಹಳೆಯ ಭಯವು ಮತ್ತೆ ಹಿಂಬಾಗಿಲಿನಿಂದಲೇ ಒಳಸೇರಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ತತ್ತ್ವವನ್ನು ಒಪ್ಪಿದ ಮನೆಯೂ ಆಚಾರದಲ್ಲಿ ನೆರೆಮನೆಯನ್ನು ನೋಡಿಕೊಂಡೇ ನಡೆಯುವುದು.

ಹೂವನ್ನು ಬೆಳೆದು ಶಿವನಿಗೆ ಮುಡಿಸುವುದರಲ್ಲಿರುವ ಆನಂದವನ್ನು ಕನ್ನಡದಲ್ಲಿ ಮೊಟ್ಟಮೊದಲು ಕಾವ್ಯವನ್ನಾಗಿ ಮಾಡಿದವನು ಹರಿಹರನು. ದೋರಸಮುದ್ರದಲ್ಲಿ ಹೊಯ್ಸಳರ ಕರಣಿಕನಾಗಿದ್ದು, ಲೆಕ್ಕದ ಕೆಲಸವನ್ನು ಬಿಟ್ಟು ಪಂಪಾಕ್ಷೇತ್ರಕ್ಕೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲೆಸಿದನೆಂದು ಪರಂಪರೆಯು ಹೇಳುವುದು. ಬಸವರಾಜದೇವರ ರಗಳೆಯನ್ನೂ ಗಿರಿಜಾಕಲ್ಯಾಣವನ್ನೂ ರಚಿಸಿದ ಈ ಮಹಾಕವಿಯು ‘ಪುಷ್ಪರಗಳೆ’ ಎಂಬ ಒಂದು ಸಣ್ಣ ಕೃತಿಯನ್ನೂ ರಚಿಸಿರುವನು. ಅದರಲ್ಲಿ ಯುದ್ಧವಿಲ್ಲ, ಪವಾಡವಿಲ್ಲ, ಕಥೆಯೆಂಬುದೂ ಇಲ್ಲ. ಬೆಳಗಿನ ಜಾವದಲ್ಲಿ ಭಕ್ತನೊಬ್ಬನು ಎದ್ದು ತೋಟಕ್ಕೆ ಹೋಗುವನು, ಹೂಗಳೊಡನೆ ಮಾತನಾಡುವನು, ಅವನ್ನು ಬಿಡಿಸಿ ತಂದು ಬಗೆಬಗೆಯ ಮಾಲೆಗಳನ್ನು ಕಟ್ಟಿ ವಿರೂಪಾಕ್ಷನನ್ನು ಸಿಂಗರಿಸುವನು, ಅಷ್ಟೇ. ರಾಜಸಭೆಯಲ್ಲಿ ಆಯವ್ಯಯಗಳನ್ನು ಬರೆಯುತ್ತಿದ್ದ ಕೈಗೆ ಇದಕ್ಕಿಂತ ದೊಡ್ಡ ಬಿಡುಗಡೆಯು ಬೇರೆ ಇರಲಾರದು. ಪುಷ್ಪರಗಳೆಯನ್ನು ಕೇವಲ ಹೂಗಳ ಹೆಸರುಗಳ ಪಟ್ಟಿಯೆಂದು ಎಣಿಸಿ ಪುಟ ತಿರುವುವ ವಿದ್ಯಾರ್ಥಿಗಳು ಒಂದು ದಿನ ನಸುಕಿನಲ್ಲಿ ಬುಟ್ಟಿಯನ್ನು ಹಿಡಿದು ಹಿತ್ತಿಲಿಗೆ ಹೋಗಿ ಬಂದು ಅನಂತರ ಅದನ್ನು ಓದುವುದು ಮೇಲು. ಹೂವನ್ನು ಕೊಯ್ಯುವುದೂ ಪೂಜೆಯ ಸಿದ್ಧತೆಯೆಂದು ಬಗೆಯದೆ ಪೂಜೆಯೇ ಎಂದು ಬಗೆದವನ ಉಲ್ಲಾಸವು ಆಗ ಅರಿವಿಗೆ ಬಂದೀತು.

ಹರಿಹರನ ಈ ಭಾವಕ್ಕೆ ಮೂಲವು ತಮಿಳುನಾಡಿನ ಪುರಾತನರ ಚರಿತ್ರೆಗಳಲ್ಲಿಯೂ ದೊರೆಯುವುದು. ಅರುವತ್ತುಮೂವರಲ್ಲಿ ಒಬ್ಬನಾದ ಮುರುಗ ನಾಯನಾರನು ತಿರುಪ್ಪುಗಲೂರಿನಲ್ಲಿ ಹೂಮಾಲೆಗಳ ಸೇವೆಯಿಂದಲೇ ಸದ್ಗತಿಯನ್ನು ಪಡೆದನು. ಕ್ರಿ. ಶ. 7ನೆಯ ಶತಮಾನದ ತಿರುನಾವುಕ್ಕರಸರು ಹಾಡುಗಳಿಗೆಷ್ಟು ಪ್ರಸಿದ್ಧರೋ ಕೈಯಲ್ಲಿ ಹಿಡಿದ ಹುಲ್ಲು ಹೆರೆಯುವ ಗುದ್ದಲಿಗೂ ಅಷ್ಟೇ ಪ್ರಸಿದ್ಧರು. ಅವರ ವಿಗ್ರಹವನ್ನು ಗುರುತಿಸುವುದೇ ಆ ಗುದ್ದಲಿಯಿಂದ. ದೇವಾಲಯಗಳ ಅಂಗಳದಲ್ಲಿ ಕಳೆ ಕೀಳುತ್ತ ಅವರು ಊರೂರು ಸಂಚರಿಸಿದರು.

ಆದರೆ ಶರಣಪರಂಪರೆಯಲ್ಲಿ ಇನ್ನೊಂದು ಧ್ವನಿಯೂ ಇರುವುದು, ಅದು ಕಠಿಣವಾದ ಧ್ವನಿ. ಅಲ್ಲಮಪ್ರಭುವಿನ ಚರಿತ್ರೆಯಲ್ಲಿ ತೋಟವು ಎರಡು ಸಲ ಬರುವುದು. ಹರಿಹರನು ಹೇಳುವಂತೆ, ಪ್ರಿಯೆಯನ್ನು ಕಳೆದುಕೊಂಡು ದುಃಖದಿಂದ ಬೆಂದ ಅಲ್ಲಮನು ತೋಟವೊಂದರಲ್ಲಿ ಕುಳಿತು ಕಾಲ್ಬೆರಳಿನಿಂದ ನೆಲವನ್ನು ಕೆದಕುತ್ತಿರಲು ಅಲ್ಲಿ ಹೂತುಹೋಗಿದ್ದ ದೇಗುಲದ ಕಲಶವು ಕಾಣಿಸಿತು. ಅಗೆದು ಒಳಹೊಕ್ಕಾಗ ಅನಿಮಿಷಯ್ಯನ ದರ್ಶನವಾಯಿತು. ಗುರುವು ದೊರೆತುದು ಮಣ್ಣಿನ ಅಡಿಯಲ್ಲಿ. ಎರಡನೆಯ ಪ್ರಸಂಗವು ಪ್ರೌಢದೇವರಾಯನ ಕಾಲದ ಚಾಮರಸನು ಬರೆದ ‘ಪ್ರಭುಲಿಂಗಲೀಲೆ’ಯಲ್ಲಿಯೂ ಶೂನ್ಯಸಂಪಾದನೆಯ ಪರಂಪರೆಯಲ್ಲಿಯೂ ಬರುವ ಗೊಗ್ಗಯ್ಯನದು. ಗೊಗ್ಗಯ್ಯನು ಶ್ರದ್ಧೆಯಿಂದ ತೋಟವನ್ನು ಬೆಳೆಸುತ್ತಿದ್ದ ಭಕ್ತನು. ಅವನ ದುಡಿಮೆಯನ್ನು ಕಂಡ ಪ್ರಭುವು ಹೊರಗಿನ ತೋಟದ ಆಚೆಗೆ ಒಳಗೊಂದು ತೋಟವಿರುವುದನ್ನು ಅವನಿಗೆ ತಿಳಿಸಿದನು. ಅಲ್ಲಿ ಕೀಳಬೇಕಾದ ಕಳೆ ಯಾವುದು, ಎರೆಯಬೇಕಾದ ನೀರು ಯಾವುದು ಎಂಬುದನ್ನು ತೋರಿದನು.

ಈ ಪ್ರಸಂಗವನ್ನು ಕೆಲವರು ವ್ಯಾಖ್ಯಾನಿಸುವ ರೀತಿಯು ಆಶ್ಚರ್ಯಕರವಾಗಿದೆ. ಪ್ರಭುವು ಗೊಗ್ಗಯ್ಯನ ತೋಟವನ್ನು ಹಳಿದನೆಂದೂ, ಬಾಹ್ಯಸೇವೆಯು ಅಜ್ಞಾನಿಗಳಿಗೆಂದೂ, ಜ್ಞಾನಿಗೆ ಗುದ್ದಲಿಯ ಸಹವಾಸವು ಬೇಡವೆಂದೂ ಅವರು ಹೇಳುವರು. ಹಾಗೆ ಹೇಳುವವರಲ್ಲಿ ಗುದ್ದಲಿಯನ್ನು ಹಿಡಿದವರು ವಿರಳ. ಪ್ರಭುವು ಗೊಗ್ಗಯ್ಯನಲ್ಲಿಗೆ ತಾನಾಗಿ ಹೋದನು. ಅರಮನೆಯ ಉದ್ಯಾನದ ಒಡೆಯನಲ್ಲಿಗೆ ಹೋಗಲಿಲ್ಲ. ಅಂತರಂಗದ ಮಾತನ್ನು ಕೃಷಿಯ ಭಾಷೆಯಲ್ಲಿಯೇ ಹೇಳಿದನು. ಕಳೆಯನ್ನು ಕಿತ್ತು ಬಲ್ಲವನಿಗೆ ಮಾತ್ರ ಅದು ಒಂದು ಸಲ ಕಿತ್ತರೆ ಮುಗಿಯುವ ಕೆಲಸವಲ್ಲವೆಂಬುದು ತಿಳಿದಿರುತ್ತದೆ. ಬೇರು ಉಳಿದರೆ ಮಳೆ ಬಿದ್ದ ಮೂರನೆಯ ದಿನ ಪುನಃ ತಲೆಯೆತ್ತುವುದು. ಗೊಗ್ಗಯ್ಯನಿಗೆ ಉಪದೇಶವು ನಾಟಿದುದು ಅವನು ತೋಟಿಗನಾಗಿದ್ದುದರಿಂದಲೇ ಎಂದು ತಿಳಿಯುವುದು ಪ್ರಸಂಗಕ್ಕೆ ಹೆಚ್ಚು ಹೊಂದುವುದು. ಆದರೂ ಪ್ರಭುವಿನ ಎಚ್ಚರಿಕೆಯು ನಿಜವಾದುದೇ. ತೋಟವು ತನ್ನದೆಂಬ ಅಭಿಮಾನವು ಬೆಳೆದು, ನೆರೆಯವನ ಮಗು ಒಂದು ಹೂವನ್ನು ಕಿತ್ತರೆ ಕೋಲು ಹಿಡಿದು ಓಡುವ ಭಕ್ತರೂ ಊರೂರಿನಲ್ಲಿ ಉಂಟು. ಅಂಥವರ ಬುಟ್ಟಿಯಲ್ಲಿರುವ ಹೂವಿಗೆ ಬಣ್ಣವುಂಟು, ಶಾಂತಿಯಿಲ್ಲ.

ಹರಿಹರನ ಒಲವೂ ಅಲ್ಲಮನ ಎಚ್ಚರವೂ ಒಂದೇ ಜೀವನದಲ್ಲಿ ಕೂಡಿದುದು ವಿಜಯನಗರದ ಕಾಲದ ತೋಂಟದ ಸಿದ್ಧಲಿಂಗ ಯತಿಗಳಲ್ಲಿ. ಚಾಮರಾಜನಗರ ಸೀಮೆಯ ಹರದನಹಳ್ಳಿಯಲ್ಲಿ ಗೋಸಲ ಚನ್ನಬಸವೇಶ್ವರರ ಕರಕಮಲಸಂಜಾತರಾಗಿ, ಶಿಷ್ಯಸಮೂಹದೊಡನೆ ದೇಶಸಂಚಾರವನ್ನು ಮಾಡಿ, ಕೊನೆಗೆ ಕುಣಿಗಲು ಸೀಮೆಗೆ ಬಂದ ಈ ಮಹಾತ್ಮರು ನಾಗಿನೀ ನದಿಯ ತೀರದ ಕಗ್ಗೆರೆಯಲ್ಲಿ ಭಕ್ತನೊಬ್ಬನ ತೋಟದಲ್ಲಿ ಶಿವಯೋಗದಲ್ಲಿ ಕುಳಿತರು. ಭಕ್ತನು ಅವರನ್ನು ಮನೆಗೆ ಬಿಜಯಮಾಡಿಸಿಕೊಳ್ಳುವೆನೆಂದು ಪ್ರಾರ್ಥಿಸಿ, ಸಂಸಾರದ ತೊಡಕಿನಲ್ಲಿ ಆ ಮಾತನ್ನೇ ಮರೆತನೆಂದೂ, ಯತಿಗಳು ಮಾತ್ರ ಕುಳಿತ ಸ್ಥಳವನ್ನು ಬಿಟ್ಟು ಏಳಲಿಲ್ಲವೆಂದೂ, ವರ್ಷಗಳು ಕಳೆದು ಅವರ ಮೇಲೆ ಹುತ್ತವು ಬೆಳೆಯಿತೆಂದೂ, ಹಸುವೊಂದು ಅಲ್ಲಿ ಹಾಲು ಕರೆಯುತ್ತಿದ್ದುದರಿಂದ ಗುಟ್ಟು ಹೊರಬಿದ್ದಿತೆಂದೂ ಭಕ್ತರು ಹೇಳಿಕೊಂಡು ಬಂದಿರುವರು. ವಿರಕ್ತ ತೋಂಟದಾರ್ಯನು ‘ಸಿದ್ಧೇಶ್ವರ ಪುರಾಣ’ದಲ್ಲಿ ಅವರ ಚರಿತ್ರೆಯನ್ನು ವಿಸ್ತರಿಸಿರುವನು. ಷಟ್‍ಸ್ಥಲ ಜ್ಞಾನಸಾರಾಮೃತವೆಂಬ, 700ಕ್ಕೆ ಮೀರಿದ ವಚನಗಳ ಮಹಾಗ್ರಂಥವನ್ನು ರಚಿಸಿದ ಈ ಶಿವಯೋಗಿಗಳ ಸಮಾಧಿಯು ಎಡೆಯೂರಿನಲ್ಲಿರುವುದು. ಅವರ ಶಿಷ್ಯಪರಂಪರೆಯೇ ಶೂನ್ಯಸಂಪಾದನೆಯನ್ನು ಪುನಃ ಪರಿಷ್ಕರಿಸಿ ಉಳಿಸಿತು. ಗುಮ್ಮಳಾಪುರದ ಸಿದ್ಧಲಿಂಗರೂ ಗೂಳೂರ ಸಿದ್ಧವೀರಣ್ಣೊಡೆಯರೂ ಆ ಪರಂಪರೆಯವರು.

ಇತಿಹಾಸದ ದೃಷ್ಟಿಯಿಂದ ಹುತ್ತದ ಕಥೆಯನ್ನು ಹೇಗೆ ಗ್ರಹಿಸಿದರೂ ಆಗಲಿ, ಒಂದು ಸಂಗತಿಯು ಅಲುಗಾಡದೆ ಉಳಿಯುವುದು. ಇಷ್ಟು ದೊಡ್ಡ ಜ್ಞಾನಿಯನ್ನು ಜನರು ನೆನೆಯುವಾಗ ಗ್ರಂಥದ ಹೆಸರಿನಿಂದ ಕರೆಯಲಿಲ್ಲ. ಹುಟ್ಟಿದ ಊರಿನಿಂದಲೂ ಪಟ್ಟದಿಂದಲೂ ಕರೆಯಲಿಲ್ಲ. ತೋಂಟದ ಸಿದ್ಧಲಿಂಗರೆಂದರು. ಗಿಡಕ್ಕೆ ನೀರು ಹೋಗುವ ಕಾಲುವೆಯ ಪಕ್ಕದಲ್ಲಿ ಅಲುಗದೆ ಕುಳಿತ ಯೋಗಿಯನ್ನು ಒಕ್ಕಲುಮಕ್ಕಳು ಹಾಗೆ ಕಂಡರು, ಹಾಗೆಯೇ ಕರೆದರು. ಡಂಬಳ ಗದಗಿನ ತೋಂಟದಾರ್ಯ ಪೀಠವು ಇಂದಿಗೂ ಆ ಮಾತನ್ನು ಧರಿಸಿಕೊಂಡಿದೆ. ಹೂದೋಂಟದ ‘ತೋಂಟ’ವೇ ಒಂದು ಗುರುಪರಂಪರೆಯ ಹೆಸರಾಯಿತೆಂದರೆ, ಶರಣಧರ್ಮದಲ್ಲಿ ತೋಟಕ್ಕೂ ಯೋಗಕ್ಕೂ ಇರುವ ನಂಟಿಗೆ ಬೇರೆ ಪ್ರಮಾಣವು ಬೇಕಿಲ್ಲ.

ಸಾಮಾನ್ಯ ಭಕ್ತನ ಹಿತ್ತಿಲು ಇಷ್ಟು ಎತ್ತರದ ಮಾತಲ್ಲ. ಅದು ಎರಡು ಮೂರು ಗುಂಟೆಯ ಜಾಗ, ಎಷ್ಟೋ ವೇಳೆ ಅದಕ್ಕೂ ಕಡಿಮೆ. ಬಚ್ಚಲಿನಿಂದ ಹೊರಟ ನೀರು ಬಾಳೆಯ ಪಾತಿಗೆ ಹೋಗುವುದು. ಬಾಳೆಯ ಬುಡದಲ್ಲಿ ಕೆಸವು ತಾನಾಗಿ ಬೆಳೆಯುವುದು. ಹೂವಿನ ಗಿಡಗಳಿಗೆ ಮಾತ್ರ ಬಚ್ಚಲ ನೀರನ್ನು ಬಿಡದೆ ಬಾವಿಯಿಂದ ಸೇದಿ ಬಿಂದಿಗೆಯಲ್ಲಿ ಹೊತ್ತು ತಂದು ಎರೆಯುವರು. ಬಾವಿಕಟ್ಟೆಯ ಬಳಿ ಮಲ್ಲಿಗೆಯ ಚಪ್ಪರ, ಬೇಲಿಯ ಉದ್ದಕ್ಕೂ ದಾಸವಾಳ ಮತ್ತು ಕಣಗಿಲೆ, ಒಂದು ಮೂಲೆಯಲ್ಲಿ ನಂದಿಬಟ್ಟಲು, ಇನ್ನೊಂದು ಮೂಲೆಯಲ್ಲಿ ಬಿಲ್ವ. ದವನ ಮರುಗಗಳು ಮಡಿಗಳಲ್ಲಿ. ಯಾರೂ ನೆಡದ, ಯಾರೂ ನೀರೆರೆಯದ ತುಂಬೆಯು ಕಲ್ಲಿನ ಸಂದಿಯಲ್ಲಿ ಬೆಳೆದು ಅಕ್ಕಿಕಾಳಿನಷ್ಟು ಬಿಳಿಯ ಹೂವನ್ನು ಬಿಡುವುದು. ಶಿವನಿಗೆ ಸಂಪಿಗೆಗಿಂತ ತುಂಬೆಯು ಹೆಚ್ಚು ಪ್ರಿಯವೆಂದು ಬಡವರ ಮನೆಯ ಅಜ್ಜಿಯರು ಮಕ್ಕಳಿಗೆ ಹೇಳುತ್ತಿದ್ದುದರಲ್ಲಿ ಭಕ್ತಿಯೊಡನೆ ಸ್ವಲ್ಪ ಸ್ವಾಭಿಮಾನವೂ ಸೇರಿತ್ತು.

ಈ ಹಿತ್ತಿಲಿಗೆ ಬರೆಯದ ಕಟ್ಟಳೆಗಳಿದ್ದುವು. ಸಂಜೆಯಾದ ಮೇಲೆ ಗಿಡವನ್ನು ಮುಟ್ಟಬಾರದು, ಗಿಡವು ಮಲಗಿರುತ್ತದೆ. ಪೂಜೆಯ ಹೂವನ್ನು ಮೂಸಬಾರದು. ಬಿಲ್ವದ ರೆಂಬೆಯನ್ನು ಮುರಿದು ತರಬಾರದು, ತ್ರಿದಳವನ್ನು ತೊಟ್ಟಿನೊಡನೆ ಒಂದೊಂದಾಗಿ ಬಿಡಿಸಬೇಕು. ಗಿಡದಲ್ಲಿರುವ ಹೂಗಳೆಲ್ಲವನ್ನೂ ಬೋಳಿಸಬಾರದು, ಕೆಲವನ್ನು ದುಂಬಿಗೆ ಬಿಡಬೇಕು. ಇವುಗಳಿಗೆ ಆಗಮದ ಆಧಾರವನ್ನು ಹುಡುಕುತ್ತ ಹೋಗುವ ಅವಶ್ಯಕತೆಯಿಲ್ಲ. ಬಿಲ್ವದ ಮುಳ್ಳು ಚುಚ್ಚಿದ ಬೆರಳೇ ಒಂದೊಂದಾಗಿ ಬಿಡಿಸುವ ಪಾಠವನ್ನು ಕಲಿಸುವುದು. ಹೂವನ್ನು ಕೊಯ್ಯುವುದು ಜೀವಕ್ಕೆ ನೋವಲ್ಲವೇ, ದಯೆಯೇ ಮೂಲವಾದ ಧರ್ಮದಲ್ಲಿ ಅದಕ್ಕೆ ಸ್ಥಾನವೆಲ್ಲಿ ಎಂಬ ಪ್ರಶ್ನೆಯನ್ನು ವಿಚಾರವಂತರು ಆಗಾಗ ಎತ್ತಿರುವರು. ಪ್ರಶ್ನೆಯು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಕೊಂಡುತಂದ ಹೂವಿನಿಂದ ಪೂಜೆಮಾಡುವವನಿಗೆ ಅದು ಎದುರಾಗುವುದೇ ಇಲ್ಲ, ಅವನು ಗಿಡವನ್ನು ಕಂಡಿಲ್ಲ. ನಿನ್ನೆ ಸಂಜೆ ನೀರೆರೆದು ಮೊಗ್ಗನ್ನು ಎಣಿಸಿ ಹೋದವನಿಗೆ ಮಾತ್ರ ಬೆಳಗ್ಗೆ ಅದನ್ನು ಬಿಡಿಸುವಾಗ ಕೈ ಒಂದು ಕ್ಷಣ ತಡೆಯುವುದು. ತೆಗೆದುಕೊಳ್ಳುವುದರ ಭಾರವು ತಿಳಿದ ಆ ಕೈಯೇ ಅರ್ಪಿಸುವುದಕ್ಕೂ ಅರ್ಹವಾದುದೆಂದು ಹಿರಿಯರು ಬಗೆದಿದ್ದಿರಬೇಕು.

ಹಿತ್ತಿಲ ಗಿಡಗಳಲ್ಲಿಯೂ ಪರದೇಶದವರು ಬಹಳ. ಪಾರಸೀಕ ದೇಶದಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು 1443ರಲ್ಲಿ ವಿಜಯನಗರವನ್ನು ಕಂಡು, ಕೋಟೆಯ ಸುತ್ತುಗಳ ನಡುವೆ ಮನೆಗಳೊಡನೆ ಹೊಲಗಳೂ ತೋಟಗಳೂ ಇರುವುದನ್ನು ಬರೆದಿರುವನು. ಗುಲಾಬಿಯು ಎಲ್ಲೆಲ್ಲಿಯೂ ಮಾರಾಟವಾಗುವುದೆಂದೂ, ಅನ್ನದಂತೆ ಅದೂ ಆ ಜನರಿಗೆ ಬೇಕೇಬೇಕೆಂದೂ ಹೇಳಿ ಬೆರಗಾಗಿರುವನು. ಗುಲಾಬಿಯೆಂಬ ಮಾತೇ ಅವನ ಭಾಷೆಯದು. ಇಂದು ಯಾವ ಉತ್ಸವಕ್ಕೂ ತಪ್ಪದ ಚೆಂಡುಹೂವಾಗಲಿ, ಸುಗಂಧರಾಜವಾಗಲಿ, ಗುಡಿಗಳ ಅಂಗಳದಲ್ಲಿ ನಿಂತಿರುವ ದೇವಕಣಗಿಲೆಯಾಗಲಿ ಬಸವಣ್ಣನವರ ಕಾಲದಲ್ಲಿ ಈ ದೇಶದಲ್ಲಿಯೇ ಇರಲಿಲ್ಲ. ಅವೆಲ್ಲವೂ ಅಮೆರಿಕಾ ಖಂಡದವು, ಯೂರೋಪಿನ ಜನರು ಸಮುದ್ರಮಾರ್ಗದಿಂದ ಬಂದ ಮೇಲೆ ಇಲ್ಲಿಗೆ ಸೇರಿದವು. ಬಂದ ಗಿಡದ ಕುಲವನ್ನು ಭಕ್ತರು ಕೇಳಲಿಲ್ಲ. ದೇವಕಣಗಿಲೆಗೆ ದೇವರ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡರು.

ಕೆಳದಿಯ ವೀರಶೈವ ಅರಸರಲ್ಲಿ ಬಸವರಾಜನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತದ ಮಹಾಕೋಶದಲ್ಲಿ ಶಿವತತ್ತ್ವದೊಡನೆ ವೃಕ್ಷಾಯುರ್ವೇದವೂ ಸ್ಥಾನವನ್ನು ಪಡೆದಿದೆ. ಬೆಂಗಳೂರಿನಲ್ಲಿ 1760ರಲ್ಲಿ ಹೈದರಾಲಿಯು ತೊಡಗಿಸಿದ ಲಾಲ್‍ಬಾಗಿನಿಂದ ಮುಂದೆ ಎಷ್ಟೋ ಹೊಸ ಗಿಡಗಳು ಊರುಗಳ ಮನೆಗಳಿಗೆ ಹರಡಿದುವು. ಇವು ಅರಸರ ಸಂಗತಿಗಳಾದುದರಿಂದ ಇಷ್ಟು ಹೇಳಿದರೆ ಸಾಕು.

ಹಿತ್ತಿಲಿನಲ್ಲಿ ದೊರೆಯುತ್ತಿದ್ದ ಶಾಂತಿಯ ಸ್ವರೂಪವನ್ನು ಕುರಿತು ಎರಡು ಮಾತು ಅವಶ್ಯ. ಅದು ಮೌನವಾಗಿ ಕುಳಿತು ಪಡೆಯುವ ಶಾಂತಿಯಾಗಿರಲಿಲ್ಲ. ಕೂಡುಕುಟುಂಬದ ಗದ್ದಲದಲ್ಲಿ ಸೊಸೆಗೆ ಒಬ್ಬಳೇ ಇರಲು ಸಿಗುತ್ತಿದ್ದ ಸ್ಥಳವು ಹಿತ್ತಿಲೊಂದೇ. ಮಗನಿಗೆ ಯಜಮಾನಿಕೆಯನ್ನು ಒಪ್ಪಿಸಿದ ಮುದುಕನಿಗೆ ತನ್ನ ಮಾತು ನಡೆಯುವ ರಾಜ್ಯವೂ ಅದೊಂದೇ. ಮನೆಯಲ್ಲಿ ಯಾರಾದರೂ ಲಿಂಗೈಕ್ಯರಾದರೆ, ಪೂಜೆಗೆ ಮನಸ್ಸು ನಿಲ್ಲದ ದಿನಗಳಲ್ಲಿಯೂ ಗಿಡಗಳು ನೀರನ್ನು ಕೇಳುತ್ತಿದ್ದುವು. ಅಳುತ್ತಲೇ ಹೋಗಿ ಬಿಂದಿಗೆ ಎತ್ತಿದವರು ಬರುವಾಗ ಸ್ವಲ್ಪ ಹಗುರವಾಗಿ ಬರುತ್ತಿದ್ದರು. ಸತ್ತವನು ನೆಟ್ಟ ಗಿಡವು ಹೂಬಿಟ್ಟಾಗ ಅದನ್ನು ಲಿಂಗಕ್ಕೆ ಏರಿಸುವವಳ ಮನಸ್ಸಿನಲ್ಲಿ ನಡೆಯುವುದನ್ನು ಷಟ್‍ಸ್ಥಲದ ಯಾವ ಸ್ಥಲದಲ್ಲಿಡಬೇಕೆಂದು ಶಾಸ್ತ್ರಜ್ಞರು ನಿರ್ಣಯಿಸಲಿ.

20ನೆಯ ಶತಮಾನದ ನಡುವಿನಿಂದ ಈಚೆಗೆ ಈ ಪದ್ಧತಿಗೆ ಎರಡು ಕಡೆಯಿಂದ ಪೆಟ್ಟು ಬಿದ್ದಿತು. ಹೂವಿನ ಸೇವೆಗೆಂದು ದೇವಸ್ಥಾನ ಮಠಗಳಿಗೂ ಹೂವಾಡಿಗರಿಗೂ ಬಿಟ್ಟಿದ್ದ ಇನಾಮು ಭೂಮಿಗಳ ವ್ಯವಸ್ಥೆಯು 1955ರ ಮೈಸೂರು ಧಾರ್ಮಿಕ ಇನಾಮು ರದ್ದತಿಯ ಕಾನೂನಿನಿಂದಲೂ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದಲೂ ಮುಗಿಯಿತು. ಉಳುವವನಿಗೆ ಭೂಮಿಯು ಸಿಕ್ಕಿದುದು ನ್ಯಾಯವೇ. ಕಾಯಕವನ್ನು ಎತ್ತಿಹಿಡಿದ ಧರ್ಮದವರು ಅದಕ್ಕೆ ಮರುಗಬೇಕಾದುದಿಲ್ಲ. ಮರುಗಬೇಕಾದುದು ಎರಡನೆಯದಕ್ಕೆ. ಯಾವ ಕಾನೂನೂ ಕಸಿದುಕೊಳ್ಳದ ಮನೆಯ ಹಿತ್ತಿಲನ್ನು ಭಕ್ತರು ತಾವಾಗಿಯೇ ಬಿಟ್ಟುಕೊಟ್ಟರು. ನಲ್ಲಿ ಬಂದ ಮೇಲೆ ಬಾವಿಗಳನ್ನು ಮುಚ್ಚಿದರು. ಅಣ್ಣತಮ್ಮಂದಿರು ಪಾಲಾದಾಗ ಹಿತ್ತಿಲಿನಲ್ಲಿ ಇನ್ನೊಂದು ಮನೆ ಎದ್ದಿತು. ಪಟ್ಟಣದ ಮೂವತ್ತು ನಲವತ್ತರ ನಿವೇಶನದಲ್ಲಿ ಮಣ್ಣೆಂಬುದು ಕಾಣದಂತೆ ಗಾರೆಯಾಯಿತು. ಪತ್ರೆಯು ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಂಥ ಸ್ಥಳಗಳಿಂದ ಕಟ್ಟು ಕಟ್ಟಾಗಿ, ರೆಂಬೆಗಳ ಸಮೇತ ಮುರಿದು ಬರತೊಡಗಿತು. ಹೂವು ಪುನಃ ಹಲವು ಕೈಗಳನ್ನು ದಾಟಿ ದೇವರನ್ನು ಸೇರುವಂತಾಯಿತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಮುಚ್ಚಿದ ದಾರಿಯು ಎಂಟುನೂರು ವರ್ಷಗಳ ಮೇಲೆ ತೆರೆಯಿತು. ಮಠಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಪುಷ್ಪವನವಿದ್ದ ಸ್ಥಳದಲ್ಲಿ ಕಲ್ಯಾಣಮಂಟಪವನ್ನೂ ವಾಹನಗಳು ನಿಲ್ಲುವ ಅಂಗಳವನ್ನೂ ಕಟ್ಟಿಸಿ, ಉತ್ಸವದ ದಿನ ಹೂವಿಗೆ ಸಾವಿರಾರು ರೂಪಾಯಿಗಳನ್ನು ತೆರುವ ಮಠಗಳು ನಾಡಿನಲ್ಲಿ ಒಂದೆರಡಲ್ಲ. ಮಹೋತ್ಸವದ ಸಂಪುಟದಲ್ಲಿ ಇದನ್ನು ಹೇಳುವುದು ಸಲ್ಲದೆಂದು ಯಾರಿಗಾದರೂ ತ��ೋರಬಹುದು. ಮಹೋತ್ಸವವೇ ಹಿಂದಿರುಗಿ ನೋಡುವ ಸಮಯವಾದುದರಿಂದ ಇಲ್ಲಿ ಹೇಳದೆ ಬೇರೆಲ್ಲಿಯೂ ಹೇಳುವಂತಿಲ್ಲ.

ಆದರೂ ಎಲ್ಲವೂ ಹೋಗಿಬಿಟ್ಟಿಲ್ಲ. ಹಳ್ಳಿಗಳಲ್ಲಿ ಹಿತ್ತಿಲುಗಳು ಇನ್ನೂ ಇವೆ. ಪಟ್ಟಣಗಳಲ್ಲಿ ಮಾಳಿಗೆಯ ಮೇಲೆ ಕುಂಡಗಳನ್ನಿಟ್ಟು ದಾಸವಾಳ, ತುಂಬೆ, ದವನಗಳನ್ನು ಬೆಳೆಯುವ ಭಕ್ತರೂ ಉಂಟು. ಬಿಲ್ವವು ಕುಂಡದಲ್ಲಿ ಕೆಲವು ವರ್ಷ ಬದುಕುವುದು, ಅನಂತರ ನೆಲವನ್ನು ಬೇಡುವುದು. ಅದು ಅವಸರವನ್ನರಿಯದ ಮರ. ಹಣ್ಣಿನಿಂದ ತೆಗೆದ ಬೀಜವನ್ನು ತಡಮಾಡದೆ ಮಳೆಗಾಲದ ಆರಂಭದಲ್ಲಿ ಹಾಕಿದರೆ ಮೊಳೆಯುವುದು. ಕೈತುಂಬ ಪತ್ರೆಯನ್ನು ಬಿಡಿಸಲು ಮೂರು ನಾಲ್ಕು ವರ್ಷ ಕಾಯಬೇಕು, ಕಾಯಿ ಬಿಡುವುದಕ್ಕೆ ಅದರ ಎರಡರಷ್ಟು. ಆದುದರಿಂದಲೇ ಹಿಂದಿನವರು ಮಗುವಿಗೆ ಲಿಂಗಧಾರಣೆಯಾದ ವರ್ಷವೇ ಒಂದು ಸಸಿಯನ್ನು ನೆಟ್ಟರೆ, ಅದು ತಾನಾಗಿ ಪೂಜೆಮಾಡುವ ವಯಸ್ಸಿಗೆ ಬರುವಾಗ ಮರವೂ ಸಿದ್ಧವಾಗಿರುತ್ತಿತ್ತು.

ಶಿವರಾತ್ರಿಯ ಸಡಗರಕ್ಕೆ ಬುಟ್ಟಿಗಟ್ಟಲೆ ಪತ್ರೆಯನ್ನು ಕೊಟ್ಟ ಮೇಲೆ ಬಿಲ್ವವು ಎಲೆಗಳನ್ನು ಉದುರಿಸತೊಡಗುವುದು. ಬೇಸಗೆಯ ಬಿಸಿಲಿನಲ್ಲಿ ಮುಳ್ಳು ಮತ್ತು ಬರಿಯ ರೆಂಬೆಗಳು ಮಾತ್ರ ಉಳಿದು, ಅಲ್ಲಲ್ಲಿ ಬೂದುಹಸುರಿನ ಕಾಯಿಗಳು ತೂಗುತ್ತಿರುವುವು. ಆ ದಿನಗಳಿಗೆಂದೇ ಭಕ್ತರು ನೆರಳಿನಲ್ಲಿ ಒಣಗಿಸಿಟ್ಟ ಪತ್ರೆಯನ್ನು ಡಬ್ಬಿಯಿಂದ ತೆಗೆದು ಪೂಜೆಗೆ ಇಡುವರು. ಒಣಗಿದರೂ ಬಿಲ್ವಕ್ಕೆ ಮೈಲಿಗೆಯಿಲ್ಲವೆಂಬುದು ಪರಂಪರೆಯ ಮಾತು. ಮರದಿಂದ ಒಂದು ದಳವೂ ದೊರೆಯದ ಆ ವಾರಗಳಲ್ಲಿಯೂ ಸಂಜೆ ಹಿತ್ತಿಲ ಬಾಗಿಲನ್ನು ತೆರೆದು, ಅದರ ಬುಡಕ್ಕೆ ಎರಡು ಬಿಂದಿಗೆ ನೀರನ್ನು ಎರೆದು ಬರುವುದು ಮನೆಯ ಹಿರಿಯರ ವಾಡಿಕೆಯಾಗಿತ್ತು.